61ರಲ್ಲಿ ರೋಡ್ ಬೈಕಿನ ಹ್ಯಾಂಡಲ್ ಎಷ್ಟು ಎತ್ತರಿಸಬೇಕು? ಬೆರಳು ಜೋಮು ಹಿಡಿಯುತ್ತಿವೆ

ವಾಡಿ ಗಾರ್ಡ್, ಕಲಬುರಗಿ

ನಮಸ್ಕಾರ. ನನಗೆ ಈಗ 61. ಹೋದ ವರ್ಷ ರೈಲ್ವೆಯಿಂದ ನಿವೃತ್ತನಾದೆ. ಗೂಡ್ಸ್ ಗಾರ್ಡ್ ಆಗಿದ್ದೆ, ಜಾಸ್ತಿ ಓಡಾಟ ವಾಡಿ-ಸೊಲ್ಲಾಪುರ ನಡುವೆ. ಬ್ರೇಕ್ ವ್ಯಾನಿನಲ್ಲಿ ವರ್ಷಗಟ್ಟಲೆ ಕೂತವನ ಸೊಂಟದ ಕತೆ ಬೇರೆ ಹೇಳಬೇಕಿಲ್ಲ.

52ನೇ ವಯಸ್ಸಿನಲ್ಲಿ ರೋಡ್ ಬೈಕ್ ಕೊಂಡೆ. ಅಲ್ಯೂಮಿನಿಯಂ ಫ್ರೇಮ್, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಕಾರ್ಬನ್ನಿನದು, ಬಾಗಿದ ಹ್ಯಾಂಡಲ್. ದೊಡ್ಡ ಊರಿನ ಅಂಗಡಿ, ಹೆಸರು ಬೇಡ. ನನ್ನ ಎತ್ತರ 5 ಅಡಿ 7 ಅಂಗುಲ. ಅಲ್ಲಿದ್ದದ್ದು 56 ಸೈಜು ಒಂದೇ. "ನಡೆಯುತ್ತೆ ಸರ್, ಸೀಟು ಇಳಿಸಿಕೊಂಡರಾಯಿತು" ಅಂದರು. ನಾನೂ ಹೂಂ ಅಂದೆ. ಕೆಂಪು ಬಣ್ಣ ಕಣ್ಣಿಗೆ ಬಿದ್ದಿತ್ತು, ಸೈಜು ಯಾರು ಕೇಳುತ್ತಾರೆ?

ಇನ್ನೊಂದು ತಪ್ಪು ಪೂರ್ತಿ ನನ್ನದೇ. ರೇಸಿನವರ ಫೋಟೋ ನೋಡಿ ನೋಡಿ, ಹ್ಯಾಂಡಲ್ಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ ಕೆಳಗಿದ್ದ ರಿಂಗುಗಳನ್ನೆಲ್ಲ ತೆಗೆಸಿ ಮೇಲೆ ಹಾಕಿಸಿದೆ. ಹ್ಯಾಂಡಲ್ ತಗ್ಗಿದಷ್ಟೂ ಸೈಕಲ್ ಚೆಂದ ಅಂತ ತಲೆಗೆ ಹೊಕ್ಕಿತ್ತು. ಆಗ ನಡೆದೂ ನಡೆಯಿತು. ಮಳಖೇಡಕ್ಕೆ ಹೋಗಿ ಬಂದರೆ ಹತ್ತಿರ ಹತ್ತಿರ 80 ಕಿಲೋಮೀಟರ್. ಕತ್ತಲಲ್ಲೇ ಮನೆ ಬಿಡುವುದು, ಕಾಗಿಣಾ ದಂಡೆಯಲ್ಲಿ ಬುತ್ತಿ ಬಿಚ್ಚಿ ಎರಡು ರೊಟ್ಟಿ, ಶೇಂಗಾ ಹಿಂಡಿ ತಿನ್ನುವುದು, ಬಿಸಿಲೇರುವುದರೊಳಗೆ ವಾಪಸ್. ಒಂದು ದಿನವೂ ಕೈ ನೋಯಲಿಲ್ಲ.

ಈಗ ಸೇಡಂ ರಸ್ತೆಯಲ್ಲಿ ಯೂನಿವರ್ಸಿಟಿ ದಾಟಿ ವಿಮಾನ ನಿಲ್ದಾಣದ ಹತ್ತಿರ ಬರುವಷ್ಟರಲ್ಲಿ ಕುತ್ತಿಗೆ ಹಿಡಿಯುತ್ತದೆ. 25 ಕಿಲೋಮೀಟರ್ ಆದರೆ ಎಡಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಜೋಮು. ಮನೆಗೆ ಬಂದು ಚಹಾದ ಕಪ್ಪು ಹಿಡಿದರೆ ಆ ಬೆರಳು ನನ್ನದಲ್ಲ, ಯಾರದೋ ಅನ್ನಿಸುತ್ತದೆ. ಅರ್ಧ ತಾಸಿಗೆ ಸರಿಹೋಗುತ್ತದೆ. ಅದಕ್ಕಿಂತ ಹೆದರಿಕೆ ಇನ್ನೊಂದು. ಆ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಕಾಟ ಗೊತ್ತಲ್ವಾ? ಬಲಕ್ಕೆ ತಿರುಗಿ ಹಿಂದೆ ನೋಡಬೇಕೆಂದರೆ ಕುತ್ತಿಗೆ ಮುಕ್ಕಾಲು ದಾರಿಗೆ ನಿಂತುಬಿಡುತ್ತದೆ. ಉಳಿದ ಕಾಲು ಭಾಗ ಹಾರ್ನ್ ಕೇಳಿ ಊಹೆ ಮಾಡುವುದು.

ನಿನ್ನೆ ಪಡಸಾಲೆಯ ಶಹಾಬಾದ್ ಫರ್ಸಿ ಮೇಲೆ ಸೈಕಲ್ ನಿಲ್ಲಿಸಿ ಟೇಪು ಹಿಡಿದೆ. ನೆಲದಿಂದ ಸೀಟಿನ ಮೇಲ್ಭಾಗಕ್ಕೆ 97 ಸೆಂಟಿಮೀಟರ್. ಹ್ಯಾಂಡಲ್ ನಡುವಿಗೆ 88. ಅಂದರೆ ಹ್ಯಾಂಡಲ್ ಸೀಟಿಗಿಂತ 9 ಸೆಂಟಿಮೀಟರ್ ತಗ್ಗು. ಒಂಬತ್ತು ವರ್ಷದಿಂದ ಒಂದು ಮಿಲಿಮೀಟರ್ ಕೂಡ ಬದಲಾಗಿಲ್ಲ. ಬದಲಾದವನು ನಾನು. ಆಗ ನಿಂತಲ್ಲೇ ಬಗ್ಗಿ ಅಂಗೈ ನೆಲಕ್ಕೆ ಊರುತ್ತಿದ್ದೆ. ಈಗ ಬೆರಳ ತುದಿ ಮೊಣಕಾಲಿನಿಂದ ಒಂದು ಗೇಣು ಕೆಳಗೆ ಹೋಗಿ ನಿಲ್ಲುತ್ತದೆ. ಬೂಟಿನ ಲೇಸು ಕಟ್ಟಲು ಕಟ್ಟೆ ಮೇಲೆ ಕಾಲಿಡಬೇಕು.

ಮನೆಯವಳು "ಆ ಬಗ್ಗೋ ಸೈಕಲ್ ಕೊಟ್ಟುಬಿಡ್ರಿ, ಸಾದಾ ಸೈಕಲ್ ತಗೊಳ್ರಿ" ಅನ್ನುತ್ತಾಳೆ. ನನಗೆ ಮನಸ್ಸಿಲ್ಲ. ಹ್ಯಾಂಡಲ್ ಎತ್ತರಿಸಲು ಬರುತ್ತದೆಯೇ? ಎಷ್ಟು? ನಾನೇ ಮಾಡಿಕೊಳ್ಳಬಹುದೇ? ಭಾನುವಾರದ ಗುಂಪಿನಲ್ಲಿ ಎಲ್ಲರೂ ನನಗಿಂತ 20 ವರ್ಷ ಚಿಕ್ಕವರು. ಪೋಸ್ಟ್‌ಮನ್ ಸೈಕಲ್ ಥರ ಕಂಡರೆ ನಗುತ್ತಾರೆ ಅನ್ನುವ ಚಿಂತೆಯೂ ಇದೆ, ಸುಳ್ಳು ಯಾಕೆ ಹೇಳಲಿ. ಫೋಟೋ ಹಾಕಿದ್ದೇನೆ. ಸ್ಟೆಮ್ ಮೇಲೆ 110 ಅಂತ ಬರೆದಿದೆ, ಪಕ್ಕದಲ್ಲಿ 6 ಡಿಗ್ರಿ ಅಂತಲೂ ಇದೆ.


ಗಂಜ್ ಸೈಕಲ್ ಮಿಸ್ತ್ರಿ, ಕಲಬುರಗಿ

ಕಾಕಾ, ಫೋಟೋ ನೋಡಿದೆ. ಸ್ಟೆಮ್ ಮೇಲೆ ಮೂರು ರಿಂಗು ಸುಮ್ನೆ ಕೂತಿವೆ. ಎರಡು 10 ಮಿಲಿಮೀಟರಿನವು, ಒಂದು 5ರದು ಇದ್ದಂತಿದೆ. ಫೋರ್ಕಿನ ಕೊಳವೆ ಕತ್ತರಿಸದೆ ಬಿಟ್ಟಿದ್ದಾರಲ್ಲ, ಅದೇ ನಿಮ್ಮ ಪುಣ್ಯ. ಚೆಂದ ಕಾಣಲಿ ಅಂತ ಕತ್ತರಿಸಿಕೊಂಡು ಬಂದವರಿಗೆ ಏನೂ ಮಾಡಲು ಬರುವುದಿಲ್ಲ. ಕತ್ತರಿಸಿದ್ದು ಮತ್ತೆ ಬೆಳೆಯುತ್ತದೆಯೇ?

ಖರ್ಚಿಲ್ಲದ ಕೆಲಸ ಎರಡಿವೆ. ಮೊದಲನೆಯದು, ಎರಡು 10ರ ರಿಂಗು ಸ್ಟೆಮ್ ಕೆಳಗೆ ಹಾಕುವುದು. 5ರದು ಮೇಲೆಯೇ ಇರಲಿ. ಫೋರ್ಕಿನ ಕೊಳವೆ ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ 10 ಮಿಲಿಮೀಟರ್ ಎತ್ತರಿಸಿದರೆ ಹ್ಯಾಂಡಲ್ 3 ಮಿಲಿಮೀಟರ್ ನಿಮ್ಮ ಕಡೆಗೂ ಬರುತ್ತದೆ. 20ಕ್ಕೆ 6. ಎರಡನೆಯದು, ಸ್ಟೆಮ್ಮನ್ನೇ ಮಗುಚಿ ಹಾಕುವುದು. ಈಗ ಅದು ಕೆಳಮುಖ ಇದೆ. ತಿರುವಿ ಹಾಕಿದರೆ ನಿಮ್ಮ 110 ಮಿಲಿಮೀಟರ್ ಉದ್ದದ ಸ್ಟೆಮ್ಮಿಗೆ 22 ಮಿಲಿಮೀಟರ್ ಎತ್ತರ ಸಿಗುತ್ತದೆ, 6-7 ಮಿಲಿಮೀಟರ್ ಹತ್ತಿರವೂ ಬರುತ್ತದೆ. ಎರಡೂ ಸೇರಿ 4 ಸೆಂಟಿಮೀಟರ್ ಎತ್ತರ. ನಿಮ್ಮ 9 ಇದ್ದದ್ದು 5ಕ್ಕೆ ಬರುತ್ತದೆ.

ಆದರೆ ಎರಡೂ ಒಂದೇ ದಿನ ಮಾಡಬೇಡಿ. ರಿಂಗು ಹಾಕಿ ಒಂದು ವಾರ ಹೊಡೆಯಿರಿ. ಎಲ್ಲ ಒಟ್ಟಿಗೆ ಬದಲಾಯಿಸಿ ಆಮೇಲೆ ಮೊಣಕಾಲು ನೋವು ಬಂತು ಅಂದರೆ ಯಾವುದರಿಂದ ಬಂತು ಅಂತ ನಾನೂ ಹೇಳಲಾರೆ.

ನೀವೇ ಮಾಡುವುದಾದರೆ ಹೀಗೆ. ಮುಂದಿನ ಚಕ್ರ ನೆಲದ ಮೇಲೆಯೇ ಇರಲಿ, ಎತ್ತಿದರೆ ಫೋರ್ಕು ಕಳಚಿ ಕೆಳಗೆ ಜಾರುತ್ತದೆ. ಮೇಲಿನ ಮುಚ್ಚಳದ ಬೋಲ್ಟ್ ಬಿಚ್ಚಿ. ಒಳಗೆ ಇಣುಕಿ ನೋಡಿ. ನಕ್ಷತ್ರದ ಥರ ಹಲ್ಲಿರುವ ನಟ್ಟು ಕಂಡರೆ ಕೊಳವೆ ಲೋಹದ್ದು. ಅಗಲವಾಗುವ ಬಿರಡೆ ಇದ್ದರೆ ಕಾರ್ಬನ್ ಇರಬಹುದು, ಆಗ ಮುಟ್ಟದೆ ನನ್ನ ಹತ್ತಿರ ತನ್ನಿ. ಕಾರ್ಬನ್ ಕೊಳವೆಗೆ ಕೆಳಗೆ ಎಷ್ಟು ರಿಂಗು ಹಾಕಬಹುದು ಅಂತ ಕಂಪನಿಯವರೇ ಮಿತಿ ಕೊಟ್ಟಿರುತ್ತಾರೆ.

ಲೋಹದ್ದಾದರೆ ಮುಂದುವರಿಯಿರಿ. ಸ್ಟೆಮ್ಮಿನ ಹಿಂದಿನ ಎರಡು ಬೋಲ್ಟ್ ಸಡಿಲ ಮಾಡಿ, ಸ್ಟೆಮ್ ಮೇಲಕ್ಕೆ ಎಳೆದು, ರಿಂಗು ಕೆಳಗೆ ಹಾಕಿ, ಮತ್ತೆ ಕೂರಿಸಿ. ಎಲ್ಲ ಕೂತ ಮೇಲೆ ಕೊಳವೆಯ ಬಾಯಿ ಮೇಲಿನ ರಿಂಗಿಗಿಂತ 2-3 ಮಿಲಿಮೀಟರ್ ಒಳಗಿರಬೇಕು. ಇಲ್ಲದಿದ್ದರೆ ಮುಚ್ಚಳ ಕೊಳವೆಗೆ ತಾಗುತ್ತದೆ, ಒತ್ತಡ ಬೇರಿಂಗಿಗೆ ಹೋಗುವುದಿಲ್ಲ.

ಎಲ್ಲರೂ ಎಡವುವ ಜಾಗ ಮುಂದಿದೆ. ಮೇಲಿನ ಮುಚ್ಚಳದ ಬೋಲ್ಟ್ ಹ್ಯಾಂಡಲ್ ಹಿಡಿಯುವುದಕ್ಕಲ್ಲ. ಬೇರಿಂಗಿನ ಆಟ, ಅಂದರೆ ಸಡಿಲು, ತೆಗೆಯುವುದಕ್ಕೆ ಮಾತ್ರ. ಎರಡು ಬೆರಳಲ್ಲಿ ಅಲೆನ್ ಕೀ ಹಿಡಿದು ಮೆತ್ತಗೆ ತಿರುವಿ. ಮುಂದಿನ ಬ್ರೇಕ್ ಒತ್ತಿ ಸೈಕಲ್ ಹಿಂದೆ ಮುಂದೆ ಆಡಿಸಿ. ಟಕ್ ಟಕ್ ಅಂದರೆ ಇನ್ನೊಂದು ಕೂದಲೆಳೆ ಬಿಗಿ. ಶಬ್ದ ನಿಂತಿತೋ, ಅಲ್ಲಿಗೆ ಸಾಕು. ಆಮೇಲೆ ಹ್ಯಾಂಡಲ್ ಚಕ್ರಕ್ಕೆ ನೇರ ಮಾಡಿಕೊಂಡು ಹಿಂದಿನ ಎರಡು ಬೋಲ್ಟ್ ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಎಷ್ಟು ಬಿಗಿ ಅಂತ ಸ್ಟೆಮ್ ಮೇಲೆಯೇ ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಅಂಗಡಿಗೆ ಬನ್ನಿ, ನನ್ನ ಹತ್ತಿರ ಇದೆ.

ಕೊನೆಗೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಬ್ರೇಕ್ ವಾಯರ್, ಗೇರ್ ವಾಯರ್ ಎಳೆದಂತಾದರೆ ಉದ್ದದ್ದು ಹಾಕಬೇಕು. ಇದನ್ನು ಮರೆಯಬೇಡಿ.

56 ಸೈಜಿನ ಬಗ್ಗೆ ಏನು ಹೇಳಲಿ. ನಿಮ್ಮ ಎತ್ತರಕ್ಕೆ 54 ಆಗಿದ್ದರೆ ಇಷ್ಟು ಗದ್ದಲವೇ ಇರುತ್ತಿರಲಿಲ್ಲ.


ಬೀದರ್ ಹಳಬ

ಗಾರ್ಡ್ ಸಾಹೇಬ್ರೆ, ನನಗೆ 67. ನಿಮ್ಮ ದಾರಿಯಲ್ಲೇ ಆರು ವರ್ಷ ಮುಂದಿದ್ದೇನೆ, ಹಾಗಾಗಿ ಎರಡು ಮಾತು.

ನಾನು ನಿಮ್ಮ ಮನೆಯವರು ಹೇಳಿದಂತೆಯೇ ಮಾಡಿದೆ. ಬಾಗಿದ ಹ್ಯಾಂಡಲ್ ಕಿತ್ತು ನೇರದ್ದು ಹಾಕಿಸಿದೆ. ಹ್ಯಾಂಡಲ್ ಒಂದೇ ಅಲ್ಲ, ಬ್ರೇಕ್ ಲಿವರು, ಗೇರಿನ ಲಿವರು ಎಲ್ಲ ಬೇರೆ ಬೇಕಾಯಿತು. ಹಣ ಹೋದದ್ದು ಹೋಯಿತು. ನೇರ ಹ್ಯಾಂಡಲ್ಲಿಗೆ ಕೈ ಇಡಲು ಒಂದೇ ಜಾಗ. ಒಂದು ತಾಸಾದ ಮೇಲೆ ಅಂಗೈ ಉರಿ ಶುರು. ಬಾಗಿದ ಹ್ಯಾಂಡಲ್ಲಿನಲ್ಲಿ ಮೇಲೆ ಹಿಡಿಯಬಹುದು, ಲಿವರಿನ ಹುಡ್ (ರಬ್ಬರ್ ಹೊದಿಕೆಯ ತಲೆಭಾಗ) ಮೇಲೆ ಹಿಡಿಯಬಹುದು, ಕೆಳಗೂ ಹಿಡಿಯಬಹುದು. ಕೈ ಬದಲಾಯಿಸುತ್ತಾ ಇದ್ದರೆ ಅರ್ಧ ನೋವು ಅಲ್ಲೇ ಕಡಿಮೆ. ಮತ್ತೆ ಇಲ್ಲಿ ಗಾಳಿ ಎದುರಾದರೆ ಗೊತ್ತಲ್ಲ, ನಮ್ಮದು ಎತ್ತರದ ಊರು, ಬಯಲು. ನೆಟ್ಟಗೆ ಕೂತವನು ದೋಣಿಯ ಹಾಯಿಯಂತೆ ಗಾಳಿ ತಿನ್ನುತ್ತಾನೆ. ಎಂಟು ತಿಂಗಳಿಗೆ ಹಳೆಯ ಹ್ಯಾಂಡಲ್ ವಾಪಸ್ ಹಾಕಿಸಿದೆ. ಮಿಸ್ತ್ರಿ ನಕ್ಕ. ನಗಲಿ.

ನನ್ನದು ಹಳೆಯ ಉಕ್ಕಿನ ಸೈಕಲ್. ಅದರಲ್ಲಿ ರಿಂಗು ಇಲ್ಲ, ಸ್ಟೆಮ್ಮಿನ ಕಾಲು ಕೊಳವೆಯೊಳಗೆ ಇಳಿದಿರುತ್ತದೆ. ಮೇಲಿನ ಬೋಲ್ಟ್ ಸಡಿಲಿಸಿ, ಅದರ ತಲೆ ಮೇಲೆ ಮರದ ತುಂಡಿಟ್ಟು ಒಂದು ಏಟು ಕೊಟ್ಟರೆ ಒಳಗಿನ ಬೆಣೆ ಬಿಡುತ್ತದೆ. ಆಮೇಲೆ ಬೇಕಾದಷ್ಟು ಎತ್ತಬಹುದು, ಆದರೆ ಕಾಲಿನ ಮೇಲೆ ಒಂದು ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಂಡರೆ ಕೆಟ್ಟೆವು, ಓಡುವಾಗಲೇ ಮುರಿಯಬಹುದು. ಇದನ್ನು ಓದುವ ಬೇರೆಯವರಿಗೆ ಅಂತ ಬರೆದೆ, ನಿಮಗಲ್ಲ.

ಈಗ ನನ್ನ ಹ್ಯಾಂಡಲ್ ಸೀಟಿನ ಸಮಕ್ಕಿದೆ. ಅದಕ್ಕಿಂತ ಮೇಲೆ ಎತ್ತಿ ನೋಡಿದೆ, ಕೈ ಹಗುರ, ಆದರೆ ಭಾರವೆಲ್ಲ ಕುಂಡಿಗೆ ಬಂತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ.

ಟಯರಿನ ಗಾಳಿ ಎಷ್ಟು ಹಾಕುತ್ತೀರಿ? ಟಯರ್ ಮೇಲೆ ಬರೆದ ಕೊನೆಯ ಅಂಕಿ ತನಕ ಪಂಪು ಹೊಡೆಯುವ ಅಭ್ಯಾಸ ಇದ್ದರೆ ಬಿಡಿ. ಕಲ್ಲಿನಂಥ ಟಯರು ರಸ್ತೆಯ ಪ್ರತಿ ತೇಪೆಯನ್ನೂ ಅಂಗೈಗೆ ತಂದು ಮುಟ್ಟಿಸುತ್ತದೆ. ನಾನು 25 ಮಿಲಿಮೀಟರ್ ಅಗಲದ ಟಯರ್ ತೆಗೆದು 28 ಹಾಕಿಸಿದ್ದೇನೆ. ನನ್ನ ತೂಕ 66 ಕಿಲೋ, 70 ಪಿಎಸ್‌ಐಗೆ ಸಾಕು ಮಾಡುತ್ತೇನೆ. ನಿಮ್ಮ ಫೋರ್ಕಿನಲ್ಲಿ 28ಕ್ಕೆ ಜಾಗ ಇದೆಯೋ ನೋಡಿಕೊಳ್ಳಿ.

ಹಿಂದಿನ ಲಾರಿ ಕಾಣಲು ಸೈಕಲ್ಲಿಗೆ ಕನ್ನಡಿ ಹಾಕಿಸಿ. ಬಲಗಡೆ ಹ್ಯಾಂಡಲ್ ತುದಿಯ ಬಿರಡೆ ತೆಗೆದು ಸಿಕ್ಕಿಸುವಂಥದ್ದು ಸಿಗುತ್ತದೆ. ನಾನು ನಾಚಿಕೊಂಡು ಎರಡು ವರ್ಷ ಹಾಕಲಿಲ್ಲ. ಏನು ನಾಚಿಕೆಯೋ.


ಸ್ಪೀಡ್ 29

ಅಂಕಲ್, ಇಷ್ಟೆಲ್ಲ ಯಾಕೆ? ಬ್ಯಾಟರಿ ಸೈಕಲ್ ತಗೊಳ್ಳಿ. ಆರಾಮ.


ವಾಡಿ ಗಾರ್ಡ್, ಕಲಬುರಗಿ

ತಮ್ಮಾ, ನನ್ನ ಕಾಲು ಚೆನ್ನಾಗಿವೆ. ಕೇಳಿದ್ದು ಕೈಯ ವಿಷಯ.

ಮಿಸ್ತ್ರಿಯವರೆ, ಇಣುಕಿ ನೋಡಿದೆ. ನಕ್ಷತ್ರದ ನಟ್ಟೇ ಇದೆ. ಶನಿವಾರ ಕೈ ಹಾಕುತ್ತೇನೆ. ಬೀದರ್ ಸಾಹೇಬ್ರೆ, ನನ್ನ ತೂಕ 68, ಟಯರ್ 25, ಗಾಳಿ 110 ಹಾಕುತ್ತಿದ್ದೆ. ಒಂಬತ್ತು ವರ್ಷ. ಏನೂ ಹೇಳಬೇಡಿ.


ಯಾದಗಿರಿ ಫಿಜಿಯೋ

ಸರ್, ನಾನು ಸೈಕಲ್ ಹೊಡೆಯುವವಳಲ್ಲ, ಮನೆಯವರು ಹೊಡೆಯುತ್ತಾರೆ. ಅವರು ಈ ಚರ್ಚೆ ತೋರಿಸಿದರು. ನನ್ನ ಕೆಲಸದ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಕಿರುಬೆರಳು, ಉಂಗುರ ಬೆರಳು ಜೋಮು ಅಂದರೆ ಅಲ್ನಾರ್ ನರ. ಅಂಗೈಯಲ್ಲಿ ಕಿರುಬೆರಳಿನ ಕಡೆ, ಮಣಿಕಟ್ಟಿನ ಹತ್ತಿರ ಉಬ್ಬಿದ ಭಾಗ ಇದೆಯಲ್ಲ, ನರ ಅಲ್ಲೇ ಹಾದುಹೋಗುತ್ತದೆ. ನೀವು ಮೈಭಾರವನ್ನೆಲ್ಲ ಅದರ ಮೇಲೆ ಊರುತ್ತಿದ್ದೀರಿ. ಮಣಿಕಟ್ಟು ಹಿಂದಕ್ಕೆ ಮಡಿದಿದ್ದರೆ ಒತ್ತಡ ಇನ್ನೂ ಜಾಸ್ತಿ. ಹುಡ್ ಹಿಡಿದಾಗ ಮುಂಗೈ ಮತ್ತು ಹಸ್ತ ಒಂದೇ ಗೆರೆಯಲ್ಲಿ ಇವೆಯೇ ಅಂತ ಯಾರಿಗಾದರೂ ಪಕ್ಕದಿಂದ ಫೋಟೋ ತೆಗೆಯಲು ಹೇಳಿ. ಮೊಣಕೈ ಸ್ವಲ್ಪ ಬಾಗಿರಲಿ, ಕೋಲಿನಂತೆ ಚಾಚಬೇಡಿ. ಅರ್ಧ ತಾಸಿಗೆ ಸರಿಹೋಗುವ ಜೋಮು ಎಚ್ಚರಿಕೆ ಅಷ್ಟೇ. ಮರುದಿನವೂ ಉಳಿದರೆ, ಅಂಗಿ ಗುಂಡಿ ಹಾಕಲು ಕಷ್ಟವಾದರೆ, ಹಿಡಿತ ಸಡಿಲಾದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಕುತ್ತಿಗೆ ನೋವಿನ ಬೇರು ಕುತ್ತಿಗೆಯಲ್ಲಿ ಇರಲಿಕ್ಕಿಲ್ಲ. ವಯಸ್ಸಾದಂತೆ ತೊಡೆಯ ಹಿಂಭಾಗದ ಸ್ನಾಯು ಬಿಗಿಯಾಗುತ್ತದೆ. ಕೂತು ಕೆಲಸ ಮಾಡಿದವರಿಗೆ ಇನ್ನೂ ಜಾಸ್ತಿ. ಅದು ಸೊಂಟದ ಎಲುಬನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಸೊಂಟ ಮುಂದಕ್ಕೆ ಬಾಗದಿದ್ದರೆ ಬೆನ್ನು ಗೂನಾಗಿ ಬಾಗುತ್ತದೆ. ಬೆನ್ನು ಗೂನಾದರೆ ರಸ್ತೆ ಕಾಣಲು ಕುತ್ತಿಗೆಯನ್ನು ಮೇಲಕ್ಕೆ ಮುರಿಯಬೇಕು. ನಿಮ್ಮ ಲೇಸು ಕಟ್ಟುವ ಕಷ್ಟ, ಕುತ್ತಿಗೆ ಹಿಡಿಯುವುದು ಎರಡೂ ಒಂದೇ ಕತೆ.

ಅಂಗಾತ ಮಲಗಿ, ಪಾದಕ್ಕೆ ಟವೆಲ್ ಸಿಕ್ಕಿಸಿ ಕಾಲು ನೆಟ್ಟಗೆ ಮೇಲೆತ್ತಿ, 30 ಸೆಕೆಂಡ್ ಹಿಡಿಯಿರಿ. ಒಂದೊಂದು ಕಾಲಿಗೆ ಮೂರು ಸಲ, ದಿನಾ. ಎಗರಿಸಬೇಡಿ. ಇದು ತಿಂಗಳುಗಟ್ಟಲೆ ಕೆಲಸ. ಅಲ್ಲಿಯ ತನಕ ಹ್ಯಾಂಡಲ್ ನಿಮ್ಮ ಇವತ್ತಿನ ಮೈಗೆ ತಕ್ಕಂತೆ ಇರಲಿ. ಮುಂದೆ ಸಡಿಲಾದರೆ ಆ ರಿಂಗು ಮತ್ತೆ ಮೇಲೆ ಹಾಕಿಕೊಳ್ಳಬಹುದಲ್ವಾ?


ವಾಡಿ ಗಾರ್ಡ್, ಕಲಬುರಗಿ (ಮೂರು ವಾರದ ನಂತರ)

ಆದದ್ದು ಆದ ಹಾಗೆ ಬರೆಯುತ್ತೇನೆ.

ಮೊದಲ ಶನಿವಾರ ಎರಡು ರಿಂಗು ಕೆಳಗೆ ಹಾಕಿದೆ. ಮಿಸ್ತ್ರಿಯವರು ಅಷ್ಟು ಬಿಡಿಸಿ ಹೇಳಿದ್ದರೂ ಮೇಲಿನ ಬೋಲ್ಟ್ ಗಟ್ಟಿಯಾಗಿ ತಿರುವಿಬಿಟ್ಟೆ. ರೈಲ್ವೆ ಕೈ, ಸಡಿಲ ಅಂದರೆ ಅದಕ್ಕೆ ನಂಬಿಕೆಯಿಲ್ಲ. ಗಲ್ಲಿಯಲ್ಲಿ ಒಂದು ಸುತ್ತು ಹೊಡೆದರೆ ಹ್ಯಾಂಡಲ್ ತಿರುಗಲು ಒಲ್ಲೆ ಅನ್ನುತ್ತದೆ, ಹಳೆಯ ನಲ್ಲಿ ಇದ್ದ ಹಾಗೆ. ಮತ್ತೆ ಹಿಂದಿನ ಬೋಲ್ಟ್ ಬಿಚ್ಚಿ, ಮೇಲಿನದ್ದು ಸಡಿಲಿಸಿ, ಎರಡು ಬೆರಳಿನಲ್ಲಿ ಹಿಡಿದು ತಿರುವಿದೆ. ಟಕ್ ಟಕ್ ನಿಂತ ಜಾಗ ಸಿಕ್ಕಿತು. ಮುಂದಿನ ಚಕ್ರ ಎತ್ತಿ ಹಿಡಿದರೆ ಹ್ಯಾಂಡಲ್ ತಾನೇ ಪಕ್ಕಕ್ಕೆ ವಾಲಿತು. ಅದೇ ಸರಿ ಅಂತ ತಿಳಿದೆ. ಆಮೇಲೆ ಗಂಜ್‌ನ ಮಿಸ್ತ್ರಿ ಅಂಗಡಿಗೆ ಹೋಗಿ ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿಸಿದೆ.

ಗಾಳಿ 80ಕ್ಕೆ ಇಳಿಸಿದೆ. ಇದೊಂದೇ ಮೊದಲು ಮಾಡಿದ್ದರೂ ಸಾಕಿತ್ತೇನೋ ಅನ್ನಿಸುವಷ್ಟು ಫರಕು. ರಿಂಗ್ ರೋಡಿನ ತೇಪೆಗಳು ಈಗ ಕಿವಿಗೆ ಕೇಳುತ್ತವೆ, ಕೈಗೆ ಬರುವುದಿಲ್ಲ.

ಕುತ್ತಿಗೆ ಮೊದಲ ವಾರವೇ ಅರ್ಧ ಹಗುರಾಯಿತು. ಜೋಮು ಮಾತ್ರ ಬಿಡಲಿಲ್ಲ, 25 ಕಿಲೋಮೀಟರಿಗೆ ಬರುತ್ತಿದ್ದದ್ದು 35ಕ್ಕೆ ಬರತೊಡಗಿತು. ತಲೆ ಕೆರೆದುಕೊಂಡೆ. ಒಂದು ದಿನ ಮೊಬೈಲಿನ ಲೆವೆಲ್ ಆ್ಯಪ್ ಸೀಟಿನ ಮೇಲಿಟ್ಟೆ. ಸೀಟಿನ ಮೂತಿ 4 ಡಿಗ್ರಿ ಕೆಳಗೆ! ಯಾವಾಗ ಹಾಗೆ ಮಾಡಿಕೊಂಡೆನೋ ನೆನಪಿಲ್ಲ. ಬಹುಶಃ ಬಗ್ಗಲು ಕಷ್ಟ ಆಗತೊಡಗಿದಾಗ, ಸೀಟಿನ ಮೂತಿ ತಗ್ಗಿಸಿದರೆ ಬಗ್ಗುವುದು ಸಲೀಸು ಅಂದುಕೊಂಡಿರಬೇಕು. ಪ್ರತಿ ಪೆಡಲಿಗೂ ಮೈ ಮುಂದಕ್ಕೆ ಜಾರುತ್ತಿತ್ತು, ಜಾರಿದ್ದನ್ನು ಕೈ ತಡೆಯುತ್ತಿತ್ತು. ಸಮ ಮಾಡಿದೆ. ಮರುದಿನ 40 ಕಿಲೋಮೀಟರ್ ಹೋಗಿ ಬಂದೆ. ಚಹಾದ ಕಪ್ಪು ಹಿಡಿದೆ. ಬಿಸಿ ಐದೂ ಬೆರಳಿಗೆ ತಾಗಿತು.

ಸೀಟನ್ನೇ ಮುಂದಕ್ಕೆ ತಳ್ಳಿದರೆ ಹ್ಯಾಂಡಲ್ ಹತ್ತಿರವಾಗುತ್ತದಲ್ಲ ಅನ್ನುವ ಯೋಚನೆಯೂ ಬಂದಿತ್ತು. ಮಿಸ್ತ್ರಿ ಬೈದರು. ಸೀಟು ಮೊಣಕಾಲಿನ ಲೆಕ್ಕಕ್ಕೆ, ಹ್ಯಾಂಡಲ್ ಕೈಯ ಲೆಕ್ಕಕ್ಕೆ, ಒಂದರ ಸಾಲ ಇನ್ನೊಂದರಿಂದ ತೀರಿಸಬೇಡಿ ಕಾಕಾ ಅಂದರು.

ಎರಡನೇ ವಾರ ಸ್ಟೆಮ್ ಮಗುಚಿದೆ. ಕನ್ನಡಿಯೂ ಬಂತು. ಟವೆಲ್ ಕಸರತ್ತು ದಿನಾ ನಡೆದಿದೆ, ಮೊಮ್ಮಗಳು ಎದೆ ಮೇಲೆ ಕೂತು ಎಣಿಸುತ್ತಾಳೆ. ಅವಳ 30 ಯಾವಾಗಲೂ 19ರ ಮೇಲೆ ಬರುತ್ತದೆ.

ಇನ್ನು ಆ ನಗುವ ವಿಷಯ. ಹೋದ ಭಾನುವಾರ ಗುಂಪಿನ ಜೊತೆ ಹೊರಟೆ. ರಸ್ತೆ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ತಲೆ ಎತ್ತಿ ನೋಡುತ್ತಾ ಹೋದೆ, ಮೊದಲು ಮುಂದಿನವರ ಹಿಂದಿನ ಚಕ್ರ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹೋಟೆಲಿನ ಮುಂದೆ ಸೈಕಲ್ ಸಾಲಾಗಿ ನಿಲ್ಲಿಸಿ ಸುಸಲಾ, ಮಿರ್ಚಿ ತಿಂದೆವು. ನಾನು ಬೇಕೆಂದೇ ನನ್ನದನ್ನು ನಡುವೆ ನಿಲ್ಲಿಸಿದ್ದೆ. ನಾಲ್ಕು ಸೆಂಟಿಮೀಟರ್ ಎತ್ತರಿಸಿದ್ದೇನೆ, ಒಬ್ಬನಾದರೂ ಕೇಳುತ್ತಾನೆ ಅಂತ. ಒಬ್ಬರೂ ಕೇಳಲಿಲ್ಲ. ಒಬ್ಬ ಹುಡುಗ ಮಾತ್ರ ಕನ್ನಡಿ ಮುಟ್ಟಿ ನೋಡಿ, ಎಲ್ಲಿ ತಗೊಂಡಿರಿ ಅಂತ ಕೇಳಿದ.

ಮನೆಯವಳಿಗೂ ತೋರಿಸಿದೆ. ಸುತ್ತ ನೋಡಿ, "ಏನ್ ಬದಲಾಗ್ಯಾದ? ಅದೇ ಕೆಂಪು ಸೈಕಲ್" ಅಂದಳು.


ಗಂಜ್ ಸೈಕಲ್ ಮಿಸ್ತ್ರಿ, ಕಲಬುರಗಿ

ಒಳ್ಳೆಯದಾಯಿತು ಕಾಕಾ. ಕೈ ಇನ್ನೂ ಚಾಚಿದಂತೆ ಅನ್ನಿಸಿದರೆ 90ರ ಸ್ಟೆಮ್ ಹಾಕೋಣ, ಸುಮಾರು 2 ಸೆಂಟಿಮೀಟರ್ ಹತ್ತಿರ ಬರುತ್ತದೆ. ಆದರೆ ಮಗುಚಿದ ಸ್ಟೆಮ್ ಚಿಕ್ಕದಾದರೆ ಎತ್ತರದಲ್ಲಿ 8 ಮಿಲಿಮೀಟರ್ ಹೋಗುತ್ತದೆ, ಆಗ ಆ 5ರ ರಿಂಗೂ ಕೆಳಗೆ ಇಳಿಸಬೇಕಾಗಬಹುದು. ಅವಸರ ಇಲ್ಲ.

ವಾಯರ್ ನೋಡಿದಿರಾ?


ವಾಡಿ ಗಾರ್ಡ್, ಕಲಬುರಗಿ

ಅಯ್ಯೋ. ಈಗಲೇ ಎದ್ದು ಹೋಗಿ ತಿರುಗಿಸಿ ಬಂದೆ. ಎಡಕ್ಕೆ ಸರಿ ಇದೆ. ಪೂರ್ತಿ ಬಲಕ್ಕೆ ತಿರುಗಿಸಿದರೆ ಹಿಂದಿನ ಗೇರಿನ ವಾಯರ್ ಬಿಗಿಯಾಗಿ ಎಳೆಯುತ್ತದೆ. ಶನಿವಾರ ಹತ್ತಕ್ಕೆ ಅಂಗಡಿ ತೆರೆದಿರುತ್ತದೆಯೇ?